ಮಕ್ಕಳ ಕತೆಯಲ್ಲಿ ಪ್ರಾಣಿ ಎಲ್ಲಿದೆ?

ನರಿ ಎಂದರೆ ಮೋಸ, ಕತ್ತೆ ಎಂದರೆ ದಡ್ಡತನ. ಮಕ್ಕಳಿಗೆ ನಾವು ಹೇಳುವ ಕತೆಗಳಲ್ಲಿ ಪ್ರಾಣಿಗಳ ಪಾಡು ಇಷ್ಟೇ. ಪಂಚತಂತ್ರ, ಈಸೋಪನ ಕಾಲದಿಂದ ನಡೆದುಬಂದ ರೂಢಿ ಇದು. ಕತೆ ಮುಗಿದಾಗ ಮಗುವಿಗೆ ನೀತಿ ಸಿಗುತ್ತದೆ, ನಿಜ. ಆದರೆ ನರಿ ಸಿಗುತ್ತದೆಯೇ? ಅದು ಏನು ತಿನ್ನುತ್ತದೆ, ಮರಿಗಳನ್ನು ಎಲ್ಲಿ ಬಚ್ಚಿಡುತ್ತದೆ ಎಂದು ಕೇಳಿದರೆ ಮಗುವಿಗೂ ಗೊತ್ತಿಲ್ಲ, ಕತೆ ಹೇಳಿದ ನಮಗೂ ಗೊತ್ತಿಲ್ಲ. ಕತೆಯೊಳಗೆ ಇದ್ದದ್ದು ನರಿಯ ತೊಗಲು ಹೊದ್ದ ಮನುಷ್ಯನೇ. ದೇವರು ಸೃಷ್ಟಿಸಿದ ಜೀವವೊಂದನ್ನು ಬರೀ ನಮ್ಮ ಪಾಠಕ್ಕೆ ಬಳಸಿಕೊಳ್ಳುವುದು ನ್ಯಾಯವೇ?

ಪ್ರಾಣಿಯನ್ನು ಪ್ರಾಣಿಯಾಗಿಯೇ ನೋಡಿದವರು ಬಹಳ ಹಿಂದೆ ಇದ್ದರು. ಉತ್ತರ ಸ್ಪೇನಿನ ಅಲ್ತಮಿರಾ ಎಂಬ ಗುಹೆಯಲ್ಲಿ 1879ರಲ್ಲಿ ಸೌತುವೊಲಾ ಎಂಬ ಜಮೀನುದಾರರು ಹಳೆಯ ಕಲ್ಲಿನ ಆಯುಧಗಳಿಗಾಗಿ ನೆಲ ಕೆದಕುತ್ತಿದ್ದರು. ಜೊತೆಗೆ ಬಂದಿದ್ದ ಎಂಟು ವರ್ಷದ ಮಗಳು ಮರಿಯಾ ತಲೆ ಎತ್ತಿ ನೋಡಿದಳು. ಮೇಲೆ ಎತ್ತುಗಳಿವೆ ಎಂದು ತಂದೆಯನ್ನು ಕರೆದಳು. ಅವು ಬೈಸನ್ ಎಂಬ ಕಾಡುದನಗಳು. ಕೆಮ್ಮಣ್ಣು, ಇದ್ದಿಲುಗಳಿಂದ ಬರೆದವು. ಬಂಡೆ ಉಬ್ಬಿದ ಕಡೆ ಮೈಯುಬ್ಬು ಬರುವಂತೆ ಹೊಂದಿಸಿದ್ದರು. ಕೆಲವು ನಿಂತಿವೆ, ಕೆಲವು ಕಾಲು ಮುದುರಿಕೊಂಡಿವೆ. ದಿನಗಟ್ಟಲೆ ದನ ನೋಡಿದವರಿಗಲ್ಲದೆ ಬೇರೆಯವರಿಗೆ ಇದು ಸಾಧ್ಯವಿಲ್ಲ.

ತಂದೆ 1880ರಲ್ಲಿ ಇದನ್ನು ಪ್ರಕಟಿಸಿದಾಗ ಪಂಡಿತರು ನಂಬಲಿಲ್ಲ. ಆದಿಮಾನವರು ಇಷ್ಟು ಚೆನ್ನಾಗಿ ಬರೆದಾರೆಯೇ ಎಂದರು, ಮೋಸವೆಂದೂ ಆಡಿಕೊಂಡರು. ಆ ಮನುಷ್ಯ ಕಳಂಕ ಹೊತ್ತೇ 1888ರಲ್ಲಿ ತೀರಿಕೊಂಡರು. ಫ್ರಾನ್ಸಿನ ವಿದ್ವಾಂಸ ಕಾರ್ತೈಯಾಕ್ ತಮ್ಮದು ತಪ್ಪೆಂದು ಬರೆದದ್ದು 1902ರಲ್ಲಿ. ಅದೇ ವರ್ಷ ಅವರೊಡನೆ ಅಲ್ಲಿಗೆ ಹೋಗಿ ಚಿತ್ರಗಳನ್ನು ನಕಲು ಮಾಡಿದವರು ಅನ್ರಿ ಬ್ರೊಯ್ ಎಂಬ ತರುಣ ಕಥೋಲಿಕ ಗುರು.

ಇವೆಲ್ಲ ಬೇಟೆ ಕೈಗೂಡಲೆಂದು ಬರೆದ ಮಾಂತ್ರಿಕ ಚಿತ್ರಗಳು ಎಂಬುದು ಬ್ರೊಯ್ ಸ್ವಾಮಿಗಳ ಅಭಿಪ್ರಾಯ. ಆದರೆ 1940ರಲ್ಲಿ ಪತ್ತೆಯಾದ ಫ್ರಾನ್ಸಿನ ಲಾಸ್ಕೋ ಗುಹೆ ಬೇರೆ ಮಾತು ಹೇಳುತ್ತದೆ. ಅಲ್ಲಿ ಸಿಕ್ಕ ಎಲುಬುಗಳಲ್ಲಿ ಬಹುಪಾಲು ಹಿಮಸಾರಂಗದ್ದು. ಅವರ ಊಟ ಅದೇ. ಗೋಡೆಯ ಮೇಲೆ ನೂರಾರು ಪ್ರಾಣಿಗಳಿದ್ದರೂ ಹಿಮಸಾರಂಗ ಒಂದೇ ಒಂದು. ಮಿಕ್ಕವು ಕುದುರೆ, ಕಾಡುಗೂಳಿ, ಕಡವೆ. ಹೊಟ್ಟೆಗೆ ಒದಗುವುದನ್ನು ಮಾತ್ರ ಅವರು ನೋಡಲಿಲ್ಲ ಎಂದಾಯಿತಲ್ಲವೇ?

ಅಲ್ಲಿಂದ ದೂರವಲ್ಲದ ರೂಫಿನ್ಯಾಕ್ ಗುಹೆಯ ಮೆತ್ತನೆಯ ಗೋಡೆಗಳಲ್ಲಿ ಬೆರಳಿನಿಂದ ಎಳೆದ ಗೆರೆಗಳಿವೆ. ಕೆಲವು ಎಳೆಯ ಮಕ್ಕಳ ಬೆರಳಿನವು, ಅದೂ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ. ದೊಡ್ಡವರು ಯಾರೋ ಎತ್ತಿ ಹಿಡಿದಿರಬೇಕು. ಆ ಕತ್ತಲಿಗೆ ಮಕ್ಕಳನ್ನೂ ಕರೆದೊಯ್ದಿದ್ದರು!

ನೀತಿಕತೆ ಬೇಡವೆಂದು ನಾನು ಹೇಳುತ್ತಿಲ್ಲ. ಪ್ರಾಣಿಯನ್ನು ಆಹಾರಕ್ಕೆ ಬಳಸುವುದನ್ನು ಧರ್ಮಸಭೆಯೂ ತಪ್ಪೆನ್ನುವುದಿಲ್ಲ. ಕಾರಣವಿಲ್ಲದೆ ಅದನ್ನು ನರಳಿಸುವುದು ಮನುಷ್ಯನ ಘನತೆಗೇ ಕುಂದೆಂದು 1992ರ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಪ್ರತಿ ಜೀವಿಗೂ ದೇವರ ಮುಂದೆ ತನ್ನದೇ ಬೆಲೆಯಿದೆ ಎಂದು ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದರು. ಆದಿಕಾಂಡದಲ್ಲಿ ದೇವರು ಪ್ರಾಣಿಗಳನ್ನು ಆದಾಮನ ಮುಂದೆ ತಂದು ನಿಲ್ಲಿಸಿದರು, ಹೆಸರಿಟ್ಟದ್ದು ಆಮೇಲೆ. ನಾವೋ ಹೆಸರು ಹೇಳಿಕೊಟ್ಟು ನೋಡುವುದನ್ನು ಬಿಟ್ಟುಬಿಡುತ್ತೇವೆ.

ಕತ್ತೆಯ ಕತೆ ಹೇಳಬೇಕೆನಿಸಿದರೆ ಸಂಖ್ಯಾಕಾಂಡದ ಬಿಳಾಮನ ಕತ್ತೆಯದ್ದನ್ನು ಹೇಳಿ. ದಾರಿಗಡ್ಡ ನಿಂತ ದೇವದೂತ ಪ್ರವಾದಿಗೆ ಕಾಣಲಿಲ್ಲ, ಕತ್ತೆಗೆ ಕಂಡ. ಮೂರು ಸಲ ಪೆಟ್ಟು ತಿಂದ ಮೇಲೆ ಅದು ಬಾಯಿಬಿಟ್ಟು ಕೇಳಿತು, ನಾನು ನಿನಗೆ ಮಾಡಿದ್ದೇನು ಎಂದು. ಮಕ್ಕಳು ಈ ಪ್ರಶ್ನೆಯನ್ನು ಸುಲಭವಾಗಿ ಮರೆಯುವುದಿಲ್ಲ.

ಆಮೇಲೆ ಮಗುವಿನ ಕೈಗೆ ಒಂದು ತುಂಡು ಇದ್ದಿಲು ಕೊಟ್ಟು ಕೊಟ್ಟಿಗೆಗೋ, ಬೀದಿಯ ದನದ ಹತ್ತಿರಕ್ಕೋ ಕರೆದೊಯ್ಯಿರಿ. ಕಿವಿ ಇರುವುದು ಕೊಂಬಿನ ಮೇಲೋ, ಕೆಳಗೋ? ಹೆದರಿದಾಗ ಅದು ಯಾವ ಕಡೆ ತಿರುಗುತ್ತದೆ? ನೋಡಿ ಬರೆಯಲಿ. ತಪ್ಪಾದರೆ ಇನ್ನೊಮ್ಮೆ ನೋಡಲಿ.