ನೆಟ್ಟವರು ಹಲವರು, ಲೆಕ್ಕವಿಟ್ಟವರು ಯಾರು?

ಮುಂಗಾರು ಕಾಲಿಟ್ಟಿತೆಂದರೆ ಶಾಲೆಯ ಆವರಣಗಳಲ್ಲಿ, ದೇವಾಲಯದ ಅಂಗಳಗಳಲ್ಲಿ, ಕಚೇರಿಗಳ ಮುಂದೆ ಸಸಿ ನೆಡುವ ಸಂಭ್ರಮ. 1950ರಲ್ಲಿ ಅಂದಿನ ಕೇಂದ್ರ ಸಚಿವ ಕೆ.ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಈ ಆಚರಣೆ ನಡೆದುಬಂದಿದೆ. ಹಾರೆ ಹಿಡಿದವರ ಭಾವಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ನೆಟ್ಟ ಸಸಿಗಳ ಸಂಖ್ಯೆಯೂ ಬರುತ್ತದೆ. ಆದರೆ ಹತ್ತು ವರ್ಷಗಳ ನಂತರ ಅದೇ ಜಾಗಕ್ಕೆ ಹೋಗಿ, ಎಷ್ಟು ಬದುಕಿವೆ, ಎಷ್ಟು ಒಣಗಿದವು, ಏಕೆ ಒಣಗಿದವು ಎಂದು ಬರೆದಿಟ್ಟವರನ್ನು ನಾವು ಕಂಡಿದ್ದೇವೆಯೇ? ನೆಡುವುದು ಪುಣ್ಯಕಾರ್ಯವೆಂದು ಒಪ್ಪುವ ನಾವು, ಎಣಿಸುವುದನ್ನು ಗುಮಾಸ್ತರ ಕೆಲಸವೆಂದು ಬದಿಗಿಟ್ಟಿದ್ದೇವೆ. ತಾಳ್ಮೆಯಿಂದ ಲೆಕ್ಕವಿಡುವುದೂ ಒಂದು ನೈತಿಕ ಹೊಣೆಯಲ್ಲವೇ ಎಂಬುದೇ ಈ ಲೇಖನದ ಪ್ರಶ್ನೆ.

ನಮ್ಮ ಚಿತ್ರದುರ್ಗ ಸೀಮೆಯನ್ನೇ ನೋಡೋಣ. ಮಲೆನಾಡಿನವರು ಇಲ್ಲಿಗೆ ಬಂದರೆ, ಇಲ್ಲಿ ಕಾಡೆಲ್ಲಿದೆ ಎಂದು ಕೇಳಿಯಾರು. ಆದರೆ ಜೋಗಿಮಟ್ಟಿಯ ಬೆಟ್ಟಸಾಲಿನಲ್ಲಿ, ಹಿರಿಯೂರಿನ ಮಾರಿಕಣಿವೆಯ ಸುತ್ತಿನ ಗುಡ್ಡಗಳಲ್ಲಿ, ಹೊಸದುರ್ಗ, ಹೊಳಲ್ಕೆರೆಗಳ ಕುರುಚಲು ಕಾವಲುಗಳಲ್ಲಿ ಇರುವುದೂ ಕಾಡೇ. ಅದು ಕಡಿಮೆ ಮಳೆಯಲ್ಲಿ ಬದುಕಲು ಕಲಿತ, ಬೇಸಿಗೆಯಲ್ಲಿ ಎಲೆ ಉದುರಿಸಿ ಉಸಿರು ಬಿಗಿಹಿಡಿಯುವ ಕಾಡು. ದಿಂಡಿಗ, ಕಮರ, ಶ್ರೀಗಂಧದಂಥ ಮರಗಳ ನೆಲೆ. ಇಂಥ ಕಾಡು ಕ್ಷೀಣಿಸಿದರೂ ಬೇಗ ತಿಳಿಯುವುದಿಲ್ಲ, ಚೇತರಿಸಿಕೊಂಡರೂ ಬೇಗ ತಿಳಿಯುವುದಿಲ್ಲ. ಇಲ್ಲಿನ ಮರ ವರ್ಷಕ್ಕೆ ದಪ್ಪವಾಗುವುದು ಹೆಚ್ಚಾಗಿ ಮಿಲಿಮೀಟರುಗಳ ಲೆಕ್ಕದಲ್ಲಿ.

ಹಾಗಾದರೆ ಈ ಕಾಡು ಆರೋಗ್ಯವಾಗಿದೆಯೇ? ಊರಿನ ಅಜ್ಜನನ್ನು ಕೇಳಿದರೆ, ತನ್ನ ಕಾಲದಲ್ಲಿ ಹಗಲಲ್ಲೂ ಒಳಗೆ ಹೋಗಲು ಹೆದರುತ್ತಿದ್ದೆವು ಎನ್ನುತ್ತಾನೆ. ಅವನ ಮೊಮ್ಮಗನಿಗೆ ತಾನು ಬಾಲ್ಯದಲ್ಲಿ ಕಂಡ ಕುರುಚಲೇ ಸಹಜವಾದ ಕಾಡು. ಪ್ರತಿ ತಲೆಮಾರೂ ತನ್ನ ಬಾಲ್ಯವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತದೆ ಎಂದು ಮೀನುಗಾರಿಕೆಯ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಬರೆದರು. ಸಮುದ್ರದ ಮೀನಿನ ಕುರಿತು ಹೇಳಿದ ಆ ಮಾತು ಬಯಲುಸೀಮೆಯ ಕಾಡಿಗೂ ಸಲ್ಲುತ್ತದೆ. ಹೀಗೆ ಯಾರೂ ಸುಳ್ಳು ಹೇಳದೆಯೇ ಒಂದು ನಷ್ಟ ಎಲ್ಲರ ಕಣ್ಣ ಮುಂದೆಯೇ ಮರೆಯಾಗಿಬಿಡುತ್ತದೆ.

ಉಪಗ್ರಹಗಳಿವೆಯಲ್ಲ ಎಂದು ಕೇಳಬಹುದು. ಖಂಡಿತ ಇವೆ, ಮತ್ತು ಅವುಗಳ ಉಪಕಾರ ದೊಡ್ಡದು. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು 1987ರಿಂದ ಅವುಗಳ ನೆರವಿನಿಂದ ದೇಶದ ಅರಣ್ಯ ಸ್ಥಿತಿಯ ವರದಿಗಳನ್ನು ಹೊರತರುತ್ತಿದೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಯಾರಿಗೇ ಆದರೂ ಉಚಿತ. ಆದರೆ ಆಕಾಶದಿಂದ ಕಾಣುವುದು ಹಸಿರು ಮಾತ್ರ. ಅದು ಯಾವುದರ ಹಸಿರು ಎಂಬುದು ಸುಲಭವಾಗಿ ಕಾಣದು. ಒಂದು ಹೆಕ್ಟೇರಿಗಿಂತ ಹೆಚ್ಚಿನ ಜಾಗದಲ್ಲಿ ಶೇಕಡಾ 10ರಷ್ಟು ಮರದ ನೆರಳಿದ್ದರೆ, ಒಡೆತನ ಯಾರದೇ ಇರಲಿ, ವರದಿಯ ಲೆಕ್ಕದಲ್ಲಿ ಅದು ಅರಣ್ಯ ಹೊದಿಕೆ. ಆ ವ್ಯಾಖ್ಯೆಯಲ್ಲಿ ತೋಟ, ನೆಡುತೋಪುಗಳಿಗೂ ಜಾಗವಿದೆ. ದಿಂಡಿಗ ಸತ್ತ ಜಾಗದಲ್ಲಿ ಬಳ್ಳಾರಿ ಜಾಲಿಯೋ ಲಂಟಾನವೋ ಹಬ್ಬಿಕೊಂಡರೆ ಚಿತ್ರದಲ್ಲಿ ಹಸಿರು ಹೆಚ್ಚಾಗಿಯೇ ಕಾಣಬಹುದು. ಏಪ್ರಿಲ್‌ನಲ್ಲಿ ತೆಗೆದ ಚಿತ್ರವನ್ನು ಅಕ್ಟೋಬರಿನ ಚಿತ್ರದೊಂದಿಗೆ ಹೋಲಿಸಿದರೆ, ಎಲೆ ಉದುರಿಸಿ ನಿಂತ ಕಾಡು ಸತ್ತಂತೆಯೇ ತೋರೀತು. ಆದುದರಿಂದ ಯಾರಾದರೂ ನೆಲದ ಮೇಲೆ ನಡೆದುಹೋಗಿ ಮರದ ಮೈಮುಟ್ಟಿ ನೋಡಲೇಬೇಕು.

ಹೀಗೆ ನೋಡಿದ ಒಂದು ಉತ್ತಮ ಉದಾಹರಣೆ ನಮ್ಮ ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೆಯಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಆರ್. ಸುಕುಮಾರ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ಅಲ್ಲಿ 50 ಹೆಕ್ಟೇರ್ ಕಾಡನ್ನು ಗುರುತಿಸಿ, ಒಂದು ಸೆಂಟಿಮೀಟರಿಗಿಂತ ದಪ್ಪನಾದ ಪ್ರತಿ ಗಿಡಮರಕ್ಕೂ ಸಂಖ್ಯೆ ಕೊಟ್ಟರು. ಮೊದಲ ಎಣಿಕೆಯಲ್ಲೇ ಸುಮಾರು 25 ಸಾವಿರ ಗಿಡಮರಗಳು ದಾಖಲಾದವು. ಮತ್ತೆ ಮತ್ತೆ ಹೋಗಿ ಅಳೆದುದರಿಂದ ಬೆಂಕಿ ಬಿದ್ದ ವರ್ಷ ಯಾವುವು ಸತ್ತವು, ಆನೆಯ ಮೇವಿನಿಂದ ಯಾವ ಜಾತಿಗಳು ಇಳಿಮುಖವಾದವು ಎಂಬ ಸಂಗತಿಗಳು ಹೊರಬಂದವು. ಒಮ್ಮೆ ಮಾತ್ರ ನೋಡಿ ಬಂದವರಿಗೆ ಇದಾವುದೂ ತಿಳಿಯುತ್ತಿರಲಿಲ್ಲ.

ಅಷ್ಟು ದೊಡ್ಡ ಕೆಲಸ ನಮ್ಮ ನಾಲ್ಕು ತಾಲ್ಲೂಕುಗಳ ಕೈಗೆ ಎಟುಕದು ನಿಜ. ಆದರೆ ಅದರ ತತ್ತ್ವ ಎಟುಕುತ್ತದೆ. ಇಪ್ಪತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಚಿಕ್ಕ ಚೌಕಗಳನ್ನು ಹಲವು ಕಡೆ ಗುರುತಿಸಿ, ಮೂಲೆಗಳಿಗೆ ಕಲ್ಲು ನೆಟ್ಟು, ಮರಗಳಿಗೆ ಅಲ್ಯೂಮಿನಿಯಂ ಬಿಲ್ಲೆ ಕಟ್ಟಿ, ಎದೆಮಟ್ಟದಲ್ಲಿ ಬಣ್ಣದ ಗೆರೆ ಎಳೆದು, ಆ ಗೆರೆಯ ಮೇಲೆಯೇ ಸುತ್ತಳತೆ ತೆಗೆಯುವುದಕ್ಕೆ ಬೇಕಾಗುವುದು ಒಂದು ಟೇಪು, ಒಂದು ಡಬ್ಬಿ ಬಣ್ಣ, ಒಂದು ನೋಟುಪುಸ್ತಕ. ಯಾವುದು ಸತ್ತಿತೆಂದು ವರ್ಷಕ್ಕೊಮ್ಮೆ ನೋಡಿದರೆ ಸಾಕು. ಸುತ್ತಳತೆಯನ್ನು ಐದು ವರ್ಷಕ್ಕೊಮ್ಮೆ ತೆಗೆದರೆ ಸಾಕು. ಇಷ್ಟು ನಿಧಾನವಾಗಿ ಬೆಳೆಯುವ ಮರವನ್ನು ಪ್ರತಿವರ್ಷ ಅಳೆದರೆ ನಮಗೆ ಸಿಗುವುದು ಮರದ ಬೆಳವಣಿಗೆಗಿಂತ ಹೆಚ್ಚಾಗಿ ನಮ್ಮ ಕೈಯ ತಪ್ಪು.

ಅಗ್ಗವಾದದ್ದು ನಂಬಲರ್ಹವಾಗುವುದು ಹೇಗೆ? ವಿಜ್ಞಾನ ಇಲ್ಲಿ ಕೇಳುವುದು ದುಬಾರಿ ಯಂತ್ರವನ್ನಲ್ಲ, ಶಿಸ್ತನ್ನು. ಚೌಕಗಳನ್ನು ನಮಗೆ ಚೆಂದ ಕಂಡ ಕಡೆ, ರಸ್ತೆಯ ಪಕ್ಕದಲ್ಲಿ ಹಾಕಬಾರದು. ನಕ್ಷೆಯ ಮೇಲೆ ಚೀಟಿ ಎತ್ತಿ ಆರಿಸಬೇಕು. ಮಳೆಯಲ್ಲಿ ಕಾಂಡ ಕೊಂಚ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆದುದರಿಂದ ಪ್ರತಿ ಸಲವೂ ಅದೇ ತಿಂಗಳಲ್ಲಿ ಅಳೆಯಬೇಕು. ಮೊದಲಿನವರ ಅಂಕಿಯನ್ನು ತೋರಿಸದೆ ಬೇರೊಬ್ಬರಿಂದ ಕೆಲವು ಮರಗಳನ್ನು ಮತ್ತೆ ಅಳೆಸಬೇಕು. ಆಗ ತಪ್ಪಿನ ಪ್ರಮಾಣವೇ ತಿಳಿಯುತ್ತದೆ. ಪುಸ್ತಕದ ಪ್ರತಿಗಳು ಎರಡು ಮೂರು ಕಡೆ ಇರಬೇಕು. ಅಧಿಕಾರಿಯ ವರ್ಗಾವಣೆಯೊಂದಿಗೆ ಕಾಡಿನ ನೆನಪೂ ವರ್ಗವಾಗಿ ಹೋಗಬಾರದು.

ದೀರ್ಘ ದಾಖಲೆಯ ಬೆಲೆ ಏನೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿ ವಿಲಾಸ ಸಾಗರದ ಮಟ್ಟವನ್ನು ತಲೆಮಾರುಗಳಿಂದ ಅಳೆಯುತ್ತ ಬರಲಾಗಿದೆ. 2022ರಲ್ಲಿ ಜಲಾಶಯ ಕೋಡಿ ಬಿದ್ದಾಗ, ಇದು 1933ರ ನಂತರ, ಎಂದರೆ 89 ವರ್ಷಗಳ ನಂತರ ಎಂದು ನಾವು ಹೇಳಬಲ್ಲವರಾದದ್ದು, ಹೆಸರೂ ಉಳಿಯದ ಯಾರೋ ನೌಕರರು ನೀರಿಲ್ಲದ ವರ್ಷಗಳಲ್ಲೂ ಬೇಸರಪಡದೆ ಅಂಕಿ ಬರೆದುದರಿಂದ. 2025ರ ಜನವರಿಯಲ್ಲಿ ಅದು ಮತ್ತೆ ತುಂಬಿತು. ಆದರೆ ಈಚಿನ ವರ್ಷಗಳಲ್ಲಿ ಭದ್ರೆಯ ನೀರೂ ಅದಕ್ಕೆ ಹರಿದುಬರುತ್ತಿದೆ. ಆ ಒಂದು ಟಿಪ್ಪಣಿ ಪಕ್ಕದಲ್ಲಿಲ್ಲದಿದ್ದರೆ ನಾಳೆಯವರು ಮಳೆಯೇ ಹೆಚ್ಚಾಯಿತೆಂದು ತಿಳಿದಾರು. ಅಂಕಿ ಸತ್ಯವಾಗಿದ್ದರೆ ಸಾಲದು. ಅದರ ಸಂದರ್ಭವೂ ಜೊತೆಗಿರಬೇಕು. ಕಾಡಿನ ಪುಸ್ತಕದಲ್ಲಿಯೂ ಅಷ್ಟೆ: ಬೆಂಕಿ ಬಿದ್ದ ದಿನ, ಬರದ ವರ್ಷ, ಮೇವಿಗೆ ಸೊಪ್ಪು ಕಡಿದ ಗುರುತು ಎಲ್ಲವೂ ಬೇಕು.

ಇಲ್ಲಿ ಎರಡು ಕಠಿಣ ಪ್ರಶ್ನೆಗಳು ಎದುರಾಗುತ್ತವೆ. ಮೊದಲನೆಯದು, ಅಗ್ಗವೆಂಬುದು ಯಾರ ಬೆವರಿನಿಂದ? ಟೇಪು, ಬಣ್ಣಗಳ ಖರ್ಚು ಅಲ್ಪ. ನಿಜವಾದ ಖರ್ಚು ಬಿಸಿಲಿನಲ್ಲಿ ಗುಡ್ಡ ಹತ್ತುವ ಮನುಷ್ಯನ ದಿನಗೂಲಿ. ಮರವನ್ನು ತೊಗಟೆ ನೋಡಿಯೇ ಹೆಸರಿಸಬಲ್ಲ ಹಳ್ಳಿಗನನ್ನು ಸೇವೆಯ ಹೆಸರಿನಲ್ಲಿ ಬಿಟ್ಟಿಯಾಗಿ ದುಡಿಸಿ, ಲೇಖನಕ್ಕೆ ಮಾತ್ರ ಪಟ್ಟಣದ ವಿದ್ವಾಂಸರ ಹೆಸರು ಹಾಕುವುದು ಉಳಿತಾಯವಲ್ಲ, ಅನ್ಯಾಯ. ಕೂಲಿ ಕೊಡಬೇಕು, ಹೆಸರನ್ನೂ ಕೊಡಬೇಕು. ಅದಕ್ಕೆ ಹಣ ಸಾಲದೆ ಚೌಕಗಳ ಸಂಖ್ಯೆ ಕಡಿಮೆಯಾದರೆ ಕಡಿಮೆಯಾಗಲಿ.

ಎರಡನೆಯದು ಇನ್ನೂ ಸೂಕ್ಷ್ಮ. ಕುರಿ ಕಾಯುವವನಿಗೆ ಈ ಪುಸ್ತಕ ತನ್ನ ವಿರುದ್ಧದ ದೂರುಪತ್ರದಂತೆ ಕಾಣಬಹುದು. ಅಧಿಕಾರಿಗೂ ಹಾಗೆಯೇ: ನೆಟ್ಟ ಗಿಡ ಸತ್ತಿತೆಂದು ಬರೆದರೆ ತನ್ನ ತಲೆಗೇ ಬಂದೀತೆಂಬ ಅಂಜಿಕೆ. ಭಯವಿರುವಲ್ಲಿ ಅಂಕಿ ನಿಜ ಹೇಳುವುದಿಲ್ಲ. ಸತ್ತುದನ್ನು ಸತ್ತಿತೆಂದು ಬರೆದವನನ್ನು ಶಿಕ್ಷಿಸದ, ಸತ್ತುದನ್ನು ಮುಚ್ಚಿಟ್ಟರೆ ಮಾತ್ರ ತಪ್ಪೆಂದು ಎಣಿಸುವ ವಾತಾವರಣ ಬೇಕು. ಕುರಿಗಾಹಿಗೂ ಆ ಪುಸ್ತಕವನ್ನು ಓದಿ ಹೇಳಬೇಕು. ಅವನ ಸಾಕ್ಷ್ಯಕ್ಕೂ ಅದರಲ್ಲಿ ಒಂದು ಅಂಕಣವಿರಬೇಕು. ಎಲ್ಲಿ ಹುಲ್ಲು ಕಡಿಮೆಯಾಯಿತೆಂದು ಅವನಿಗಿಂತ ಮೊದಲು ಬಲ್ಲವರು ಯಾರು?

ಆಸ್ಪತ್ರೆ, ಶಾಲೆಗಳಿಗೇ ಹಣ ಸಾಲದ ಜಿಲ್ಲೆಯಲ್ಲಿ ಮರ ಎಣಿಸಲು ಹಣವೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಈ ಗುಡ್ಡಗಳ ಮೇಲೆ ಬಿದ್ದ ಮಳೆಯೇ ನಮ್ಮ ಕೆರೆಗಳಿಗೆ ಇಳಿಯುವುದು. ಯಾವ ಗುಡ್ಡದಲ್ಲಿ ಯಾವ ಸಸಿ ಉಳಿಯುವುದೆಂದು ತಿಳಿಯದೆ ವರ್ಷವರ್ಷವೂ ನೆಟ್ಟು ಒಣಗಿಸುವುದೇ ನಿಜವಾದ ದುಂದುವೆಚ್ಚ. ಅದನ್ನು ತಪ್ಪಿಸುವ ಪುಸ್ತಕಕ್ಕೆ ತಗಲುವ ಖರ್ಚು ಬಡವನ ತಟ್ಟೆಯಿಂದ ಕಿತ್ತುಕೊಂಡದ್ದಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ಜ್ಞಾನಸ್ನಾನದ, ವಿವಾಹದ, ಮರಣದ ದಾಖಲೆ ಪುಸ್ತಕಗಳಿವೆ. ಒಬ್ಬ ಗುರುಗಳು ಆರಂಭಿಸಿದ ಪುಟವನ್ನು ಮತ್ತೊಬ್ಬರು ಮುಂದುವರಿಸಿದ್ದಾರೆ. ಕೈಬರಹ ಬದಲಾಗಿದೆ, ಅಂಕಣಗಳು ಬದಲಾಗಿಲ್ಲ. ಅಜ್ಜಿಯ ಹೆಸರನ್ನು ಅಲ್ಲಿ ಹುಡುಕುವ ಮೊಮ್ಮಗಳು, ಅದನ್ನು ಬರೆದವರ ಮುಖವನ್ನು ಎಂದೂ ಕಂಡಿರುವುದಿಲ್ಲ. ಕಾಡಿನ ಲೆಕ್ಕವೂ ಇಂಥದೇ ಒಂದು ಕೈಬದಲಿನ ವ್ರತ. ಇಂದು ಹೊಳಲ್ಕೆರೆಯ ಶಾಲೆಯೊಂದರ ಬಾಲಕಿ ತನ್ನ ಮೇಷ್ಟರೊಂದಿಗೆ ಹೋಗಿ ಒಂದು ದಿಂಡಿಗದ ಸುತ್ತಳತೆಯನ್ನು ಬರೆದರೆ, ಅದರ ಅರ್ಥ ತಿಳಿಯುವ ಹೊತ್ತಿಗೆ ಅವಳು ತಾಯಿಯಾಗಿರಬಹುದು. ಆಗ ಅವಳ ಮಗ ಅದೇ ಗೆರೆಯ ಮೇಲೆ ಟೇಪು ಸುತ್ತಲಿ. ಮರ ಒಣಗಿದ್ದರೆ, ಒಣಗಿದೆ ಎಂದೇ ಬರೆಯಲಿ.