ಮಗುವಿನ ಭಾವಚಿತ್ರ: ತಿದ್ದಬೇಕಾದುದು ಯಾವುದು?



ಕಳೆದ ಶ್ರಾವಣ ಮಾಸದಲ್ಲಿ ಮಾನ್ವಿಯ ಭಕ್ತರೊಬ್ಬರ ಮನೆಗೆ ನಾವು ಹೋಗಿದ್ದೆವು. ಆ ಮನೆಯಲ್ಲಿ ಹತ್ತು ತಿಂಗಳಿನ ಒಂದು ಕೂಸು. ಮನೆಯ ಹಿರಿಯ ತಾಯಿಯು ಅದಕ್ಕೆ ಎರೆದು, ಹಣೆಗೆ ವಿಭೂತಿ ಹಚ್ಚಿ, ಎಡಗೆನ್ನೆಯ ಮೇಲೆ ಕಾಡಿಗೆಯ ದೃಷ್ಟಿಬೊಟ್ಟನ್ನಿಟ್ಟು, ತಂದು ನಮ್ಮ ಮುಂದೆ ಮಲಗಿಸಿದರು. ಕೂಸಿನ ತಂದೆ ತನ್ನ ಮೊಬೈಲಿನಲ್ಲಿ ಅದರ ಚಿತ್ರವನ್ನು ತೆಗೆದು, ಅರೆಗಳಿಗೆ ಅದರ ಮೇಲೆ ಬೆರಳಾಡಿಸಿ, ಬಳಿಕ ನಮಗೆ ತೋರಿಸಿದನು. ಚಿತ್ರದಲ್ಲಿ ಕೂಸು ನಗುತ್ತಿತ್ತು. ಆದರೆ ಅದರ ಮೈಬಣ್ಣ ನಮ್ಮ ಕಣ್ಣೆದುರಿಗಿದ್ದ ಬಣ್ಣವಾಗಿರಲಿಲ್ಲ, ಕೆನ್ನೆಯು ಮೇಣದಂತೆ ನುಣುಪಾಗಿತ್ತು, ದೃಷ್ಟಿಬೊಟ್ಟು ಮಾಯವಾಗಿತ್ತು. ವಿಚಾರಿಸಲಾಗಿ, “ಬಣ್ಣ ಅದು ತಾನಾ ತಿಳಿ ಮಾಡ್ತದ್ರಿ ಅಪ್ಪಾರ. ಬೊಟ್ಟು ನಾನಾ ಅಳಿಸೀನ್ರಿ, ಫೋಟೋದಾಗ ಚಂದ ಕಾಣವಲ್ದಾಗಿತ್ತು” ಎಂದನು. ಆ ಹಿರಿಯ ತಾಯಿ ಮಗನ ಮುಖವನ್ನೊಮ್ಮೆ ನೋಡಿ, “ನಾ ಹಚ್ಚಿದ್ದ್ಯಾಕ, ನೀ ಅಳಿಸಿದ್ದ್ಯಾಕ?” ಎಂದಷ್ಟೇ ಕೇಳಿ ಒಳಗೆ ಹೋದರು.

ಆ ತಾಯಿಯ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ದೃಷ್ಟಿ ತಾಗುವುದೆಂಬ ನಂಬಿಕೆ ಸರಿಯೋ ತಪ್ಪೋ ಎಂಬುದು ಇಲ್ಲಿಯ ವಿಚಾರವಲ್ಲ. ಅಂತಹ ಭಯಕ್ಕೆ ವಿವೇಕಿಯು ಎಡೆಗೊಡಬೇಕಾಗಿಯೂ ಇಲ್ಲ. ಆದರೆ ಆ ಬೊಟ್ಟಿನಲ್ಲಿ ಭಯವಲ್ಲದೆ ಬೇರೊಂದು ಅರ್ಥವೂ ಅಡಗಿದೆ. ಹಿಂದಿನವರು ತಮ್ಮ ಕೈಯಾರೆ ಕೂಸಿನ ಮುಖದ ಮೇಲೆ ಒಂದು ಕಲೆಯನ್ನಿಟ್ಟು, ಕಲೆಯಿದ್ದರೂ ಇದು ನಮ್ಮ ಕೂಸೇ, ಕಂಡವರ ಕಣ್ಣಿಗೆ ಹಬ್ಬವಾಗಲೆಂದು ಇದು ಹುಟ್ಟಿದುದಲ್ಲ ಎಂದು ಸಾರುತ್ತಿದ್ದರು. ಇಂದು ಹೆತ್ತವರ ಅದೇ ಕೈ, ಇಟ್ಟ ಬೊಟ್ಟನ್ನೂ ಹುಟ್ಟಿನಿಂದ ಬಂದ ಮಚ್ಚೆಯನ್ನೂ ಒಮ್ಮೆಲೇ ಅಳಿಸುತ್ತಿದೆ. ಮನೆಯಲ್ಲಿ ಎಳೆಯ ಮಕ್ಕಳ ಚಿತ್ರವನ್ನು ತೆಗೆಯುವುದು ನಿತ್ಯದ ವ್ಯವಹಾರವೇ ಆಗಿರುವ ಈ ಕಾಲದಲ್ಲಿ, ಆ ಚಿತ್ರವನ್ನು ಎಷ್ಟರಮಟ್ಟಿಗೆ ತಿದ್ದಬಹುದು, ಎಲ್ಲಿ ಕೈಯನ್ನು ತಡೆಯಬೇಕು ಎಂಬುದನ್ನು ನಾವೆಲ್ಲರೂ ಕುಳಿತು ಯೋಚಿಸಬೇಕಾಗಿದೆ.

ನಮ್ಮ ನುಡಿಯಲ್ಲಿ ಇದಕ್ಕೆ ಎರಡು ಹೆಸರುಗಳಿವೆ. ಒಂದು ಛಾಯಾಚಿತ್ರ, ಮತ್ತೊಂದು ಭಾವಚಿತ್ರ. ಛಾಯೆಯೆಂದರೆ ನೆರಳು, ಬೆಳಕು ನೆರಳುಗಳು ಮೂಡಿಸಿದ ಆಕೃತಿಯೇ ಛಾಯಾಚಿತ್ರ. ಗುಡ್ಡದ್ದಾಗಲಿ ಗುಡಿಯದ್ದಾಗಲಿ ಛಾಯಾಚಿತ್ರವಾದೀತು. ವ್ಯಕ್ತಿಯ ಮುಖವಿದ್ದಾಗ ಮಾತ್ರ ನಾವು ಅದನ್ನು ಭಾವಚಿತ್ರವೆನ್ನುತ್ತೇವೆ. ಅಲ್ಲಿ ಮೂಡಬೇಕಾದುದು ಆಕಾರವಷ್ಟೇ ಅಲ್ಲ, ಆ ವ್ಯಕ್ತಿಯ ಇರವು. ನೆರಳನ್ನು ತಿದ್ದುವುದು ಒಂದು, ಇರವನ್ನು ತಿದ್ದುವುದು ಮತ್ತೊಂದು. ಈ ಭೇದವನ್ನು ಮನಗಂಡರೆ ನಮ್ಮ ಪ್ರಶ್ನೆಯ ಅರ್ಧಭಾಗ ಬಿಡಿಸಿದಂತಾಯಿತು.

ಚಿತ್ರವನ್ನು ತಿದ್ದುವುದು ಇಂದಿನ ಆವಿಷ್ಕಾರವೇನೂ ಅಲ್ಲ. ೧೮೩೯ರಲ್ಲಿ ಫ್ರಾನ್ಸಿನ ದಗೇರ್ ಎಂಬಾತನ ವಿಧಾನವು ಲೋಕಕ್ಕೆ ಪ್ರಕಟವಾದಾಗ ಒಂದು ಚಿತ್ರ ಮೂಡಲು ಬಹಳ ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತು ಅಲುಗದೆ ಕುಳ್ಳಿರುವ ಕೂಸು ಎಲ್ಲಿಯುಂಟು? ಆದುದರಿಂದ ಹತ್ತೊಂಬತ್ತನೆಯ ಶತಮಾನದ ಪಾಶ್ಚಾತ್ಯ ದೇಶಗಳಲ್ಲಿ ತಾಯಿಯ ಮೇಲೆ ಬಟ್ಟೆಯನ್ನು ಹೊದಿಸಿ ಅವಳನ್ನೇ ಪೀಠವಾಗಿಸಿ, ಅವಳ ತೊಡೆಯ ಮೇಲೆ ಕೂಸನ್ನು ಕೂಡಿಸಿ ಚಿತ್ರ ತೆಗೆಯುವ ಪದ್ಧತಿಯಿತ್ತು. ಮುಸುಕಿನೊಳಗಿಂದ ಕೂಸನ್ನು ಹಿಡಿದಿರುವ ತಾಯಿಯ ಕೈ ಅಂತಹ ಹಲವು ಚಿತ್ರಗಳಲ್ಲಿ ಇಂದಿಗೂ ಕಾಣುತ್ತದೆ. ನಮ್ಮ ರಾಯಚೂರು ಪ್ರಾಂತವು ಅಂದು ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳರು (೧೮೪೪–೧೯೦೫) ಸಿಕಂದರಾಬಾದಿನಲ್ಲಿ ಸ್ಟುಡಿಯೋ ಇಟ್ಟು ಖ್ಯಾತರಾದರು. ಆ ಕಾಲದ ಸ್ಟುಡಿಯೋಗಳಲ್ಲಿ ಗಾಜಿನ ನೆಗೆಟಿವ್‌ಗಳ ಮೇಲೆ ಸೀಸದ ಕಡ್ಡಿಯಿಂದ ತಿದ್ದುವುದೂ, ಅಚ್ಚಾದ ಚಿತ್ರಕ್ಕೆ ಕುಂಚದಿಂದ ಬಣ್ಣ ತುಂಬುವುದೂ ಕುಶಲಕರ್ಮವೆಂದೇ ಎಣಿಸಲ್ಪಟ್ಟಿತ್ತು.

ಹಾಗಾದರೆ ಇಂದಿನ ಆಕ್ಷೇಪಣೆ ಏಕೆ? ಕಾರಣ ಸ್ಪಷ್ಟ. ಅಂದು ತಿದ್ದುವವನು ಒಬ್ಬ ಮನುಷ್ಯ. ಪ್ರತಿಯೊಂದು ಮುಖವನ್ನೂ ಕಣ್ಣಿಟ್ಟು ನೋಡಿ, ಇಷ್ಟು ಸಾಕು ಎಂದು ನಿಲ್ಲಿಸುತ್ತಿದ್ದನು. ಇಂದು ಅನೇಕ ಮೊಬೈಲುಗಳಲ್ಲಿ ಸೌಂದರ್ಯ ಹೆಚ್ಚಿಸುವ ಒಂದು ವ್ಯವಸ್ಥೆ ನಾವು ಕೇಳುವ ಮೊದಲೇ ಚಾಲೂ ಇರುತ್ತದೆ. ಅದು ಎಲ್ಲ ಮುಖಗಳಿಗೂ ಒಂದೇ ಬಗೆಯ ನುಣುಪನ್ನೂ ಒಂದೇ ಬಗೆಯ ಬಿಳುಪನ್ನೂ ಬಳಿಯುತ್ತದೆ. ಇದರ ಅಪಾಯವನ್ನು ತಯಾರಕರೂ ಕಾಣದೆ ಇಲ್ಲ. ೨೦೨೦ರಲ್ಲಿ ಗೂಗಲ್ ಸಂಸ್ಥೆಯು ತನ್ನ ಪಿಕ್ಸೆಲ್ ಫೋನುಗಳಲ್ಲಿ ಮುಖ ತಿದ್ದುವ ವ್ಯವಸ್ಥೆಯು ತಾನಾಗಿ ಚಾಲೂ ಇರದೆ, ಬೇಕೆಂದವರು ಮಾತ್ರ ಚಾಲೂ ಮಾಡಿಕೊಳ್ಳುವಂತೆ ಬದಲಿಸಿತು.

ತಿದ್ದುವುದೆಲ್ಲವೂ ದೋಷವೆಂದು ನಾವು ಹೇಳುತ್ತಿಲ್ಲ. ನಮ್ಮ ಭಾಗದ ಹಳೆಯ ಮಾಳಿಗೆ ಮನೆಗಳನ್ನು ನೆನೆಯಿರಿ. ಬೇಸಿಗೆಯಲ್ಲಿ ಹೊರಗೆ ನಲವತ್ತು ಡಿಗ್ರಿ ಮೀರಿದ ಬಿಸಿಲು. ಒಳಗೆ ಬೆಳಕಿಂಡಿಯಿಂದ ಇಳಿಯುವ ಒಂದು ಕೋಲು ಬೆಳಕು. ಬಾಗಿಲಿಗೆ ಬೆನ್ನು ಮಾಡಿ ಕುಳಿತ ಕೂಸಿನ ಚಿತ್ರ ತೆಗೆದರೆ ಹೊರಗಿನ ಬಿಸಿಲನ್ನಷ್ಟೇ ಅಳೆದುಕೊಂಡ ಯಂತ್ರವು ಕೂಸಿನ ಮುಖವನ್ನು ಕತ್ತಲಾಗಿಸುತ್ತದೆ. ಆ ಕತ್ತಲು ಕೂಸಿನದಲ್ಲ, ಯಂತ್ರದ್ದು. ಅದನ್ನು ತಿಳಿಗೊಳಿಸಿ ಕಣ್ಣಿಗೆ ಕಂಡಷ್ಟು ಬೆಳಕನ್ನು ಮರಳಿ ತರುವುದು ಅಸತ್ಯವಲ್ಲ, ಸತ್ಯದ ಉದ್ಧಾರವೇ ಸರಿ. ವಾಲಿದ ಚಿತ್ರವನ್ನು ನೇರ ಮಾಡುವುದು, ಅಂಚಿನ ಬೇಡವಾದ ಭಾಗವನ್ನು ಕತ್ತರಿಸುವುದು, ಅಜ್ಜನ ಕಾಲದ ಚಿತ್ರಕ್ಕೆ ಹಿಡಿದ ಬೂಷ್ಟನ್ನು ತೆಗೆಯುವುದು, ಇವೆಲ್ಲವೂ ಕನ್ನಡಿಯ ಧೂಳನ್ನು ಒರೆಸಿದಂತೆ. ಆದರೆ ಕನ್ನಡಿಯನ್ನು ಒರೆಸುವವನು ಮುಖವನ್ನೇ ಕೆರೆಯತೊಡಗಿದರೆ ಅವನಿಗೆ ಏನೆನ್ನಬೇಕು?

ಬಣ್ಣದ ವಿಷಯವನ್ನೇ ತೆಗೆದುಕೊಳ್ಳಿರಿ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ದೋಆಬದ ಜನ ಬಿಸಿಲುಂಡು ಬೆಳೆದವರು. ಹತ್ತಿಯ ಹೊಲದಲ್ಲಿ ಕಳೆ ತೆಗೆಯುವ ತಾಯಿಯ ಬಣ್ಣವೇ ಅವಳ ಮಗಳಿಗೂ ಬಂದಿರುತ್ತದೆ. ಬಿಳುಪೇ ಚೆಲುವೆಂಬ ಭ್ರಮೆಯನ್ನು ವ್ಯಾಪಾರವು ಚೆನ್ನಾಗಿ ಬಳಸಿಕೊಂಡಿತು. ನಮ್ಮ ದೇಶದಲ್ಲಿ ೧೯೭೫ರಿಂದ ಮಾರಾಟವಾದ ಒಂದು ಪ್ರಸಿದ್ಧ ಮುಲಾಮು ತನ್ನ ಹೆಸರಿನಲ್ಲಿಯೇ ‘ಫೇರ್’ ಎಂಬ ಮಾತನ್ನು ಹೊತ್ತಿತ್ತು. ಲೋಕದ ಟೀಕೆಗೆ ಗುರಿಯಾಗಿ ೨೦೨೦ರಲ್ಲಿ ಅದನ್ನು ಕೈಬಿಟ್ಟಿತು. ಅಂಗಡಿಯೇ ನಾಚಿ ಬಿಟ್ಟ ಮಾತನ್ನು ಮನೆಯೊಳಗೆ ನಾವು ಬೆರಳ ತುದಿಯಿಂದ ಮತ್ತೆ ಬರೆಯುತ್ತಿದ್ದೇವೆ. ಆ ಮಗಳು ಹತ್ತು ವರ್ಷದವಳಾಗಿ ತನ್ನ ಶೈಶವದ ಚಿತ್ರಗಳನ್ನು ನೋಡುತ್ತಾಳೆ. ಅವುಗಳಲ್ಲಿರುವ ಬೆಳ್ಳನೆಯ ಕೂಸು ತಾನಲ್ಲವೆಂದು ಅವಳಿಗೆ ತಿಳಿಯುತ್ತದೆ. ತಾನು ಹುಟ್ಟಿದಂತೆ ತಂದೆತಾಯಿಗಳಿಗೆ ಸಾಲದಾಗಿದ್ದೆನೆಂಬ ಮಾತನ್ನು ಯಾರೂ ಅವಳಿಗೆ ಹೇಳಬೇಕಾಗುವುದಿಲ್ಲ.

ಎಳೆತನದ ಚಿತ್ರಕ್ಕೆ ಇನ್ನೊಂದು ಹೊಣೆಯೂ ಇದೆ. ಮೂರು ವರ್ಷಕ್ಕಿಂತ ಹಿಂದಿನ ಸಂಗತಿಗಳು ಸಾಮಾನ್ಯವಾಗಿ ನಮ್ಮಲ್ಲಿ ಯಾರಿಗೂ ನೆನಪಿರುವುದಿಲ್ಲ. ಆ ಕಾಲವನ್ನು ಮನುಷ್ಯನು ಹಿರಿಯರ ಮಾತಿನಿಂದಲೂ ಚಿತ್ರಗಳಿಂದಲೂ ಪಡೆಯಬೇಕು. ೨೦೦೨ರಲ್ಲಿ ನ್ಯೂಜಿಲೆಂಡಿನ ಮನಃಶಾಸ್ತ್ರಜ್ಞೆ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ೨೦ ಜನ ವಯಸ್ಕರ ಬಾಲ್ಯದ ಚಿತ್ರಗಳನ್ನು ಮನೆಯವರಿಂದ ಪಡೆದು, ಅವರು ಎಂದೂ ಏರದಿದ್ದ ಬಿಸಿಗಾಳಿಯ ಬಲೂನಿನ ಚಿತ್ರದೊಳಗೆ ಆ ಎಳೆಯ ಮುಖಗಳನ್ನು ಕೂಡಿಸಿ ತೋರಿಸಿದರು. ಮೂರು ಸಲದ ಸಂದರ್ಶನ ಮುಗಿಯುವ ವೇಳೆಗೆ ೧೦ ಜನರು ಆ ಬಲೂನು ಯಾನವನ್ನು ಪೂರ್ಣವಾಗಿಯೋ ಭಾಗಶಃವಾಗಿಯೋ ನೆನಪಿಸಿಕೊಂಡರು. ತಿದ್ದಿದ ಚಿತ್ರವು ಕಾಗದದ ಮೇಲೆಯೇ ನಿಲ್ಲುವುದಿಲ್ಲ; ಅದು ಮನಸ್ಸಿನೊಳಗೆ ಇಳಿದು ಅಲ್ಲಿ ನೆನಪಾಗಿ ನೆಲೆಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ೧೯೧೫ರಲ್ಲಿ ಬೆಳಕಿಗೆ ಬಂದ ಶಿಲಾಶಾಸನವನ್ನು ಬಲ್ಲವರಿಗೆ ಈ ಮಾತು ಇನ್ನೂ ಸುಲಭವಾಗಿ ತಿಳಿದೀತು. ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರನ್ನೇ ಆ ಬಂಡೆ ಹೊತ್ತಿದ್ದುದರಿಂದ ಆ ದೊರೆ ಯಾರೆಂಬುದು ನಿಶ್ಚಯವಾಯಿತು. ಬಂಡೆ ಒರಟಾಗಿದೆಯೆಂದು ನಡುವೆ ಯಾರಾದರೂ ಅದನ್ನು ಉಜ್ಜಿ ನಯಗೊಳಿಸಿದ್ದರೆ ಕಣ್ಣಿಗೆ ಚಂದವೇನೋ ಆಗುತ್ತಿತ್ತು. ಹೆಸರು ಮಾತ್ರ ಅಳಿದುಹೋಗುತ್ತಿತ್ತು. ಮಗುವಿನ ಚಿತ್ರವೂ ಒಂದು ಶಾಸನವೇ. ಅದರ ಒರಟಿನಲ್ಲಿಯೇ ಅದರ ಹೆಸರಿರುತ್ತದೆ.

ಇದು ಬರಿಯ ತರ್ಕವಲ್ಲವೆಂಬುದನ್ನು ನಮಗೆ ಕಲಿಸಿದವಳು ದೇವದುರ್ಗ ತಾಲೂಕಿನ ಒಂದು ಹಳ್ಳಿಯ ತಾಯಿ. ಎರಡು ವರ್ಷದ ಮಗನನ್ನು ಜ್ವರದಲ್ಲಿ ಕಳೆದುಕೊಂಡು, ಕೆಲವು ತಿಂಗಳಾದ ಮೇಲೆ ಮಠಕ್ಕೆ ಬಂದಿದ್ದಳು. ಗೋಡೆಗೆ ಹಾಕಲು ಮಗನದೊಂದು ದೊಡ್ಡ ಚಿತ್ರ ಮಾಡಿಸಬೇಕೆಂಬುದು ಅವಳ ಆಸೆ. ಮೊಬೈಲಿನಲ್ಲಿ ನೂರಾರು ಚಿತ್ರಗಳಿದ್ದವು. ಒಂದೊಂದನ್ನೇ ಸರಿಸುತ್ತ ಹೋದಳು, ಯಾವುದನ್ನೂ ಒಪ್ಪಲಿಲ್ಲ. ಮಗು ನಡಿಗೆ ಕಲಿಯುವಾಗ ಹೊಸ್ತಿಲ ಮೇಲೆ ಬಿದ್ದು ಎಡಗಣ್ಣಿನ ಕೆಳಗೆ ಒಂದು ಸಣ್ಣ ಗಾಯದ ಗುರುತಾಗಿತ್ತಂತೆ. ಯಂತ್ರದ ನುಣುಪಿನಲ್ಲಿ ಅದು ಎಲ್ಲಿಯೂ ಉಳಿದಿರಲಿಲ್ಲ. “ಇದರಾಗ ಎಲ್ಲಾ ಅದ್ರಿ ಅಪ್ಪಾರ, ನನ್ನ ಕೂಸೊಂದಿಲ್ರಿ” ಎಂದಳು. ನಮ್ಮ ಬಳಿ ಅದಕ್ಕೆ ಉತ್ತರವಿರಲಿಲ್ಲ.

ಕಡೆಗೆ ನೆರೆಮನೆಯ ಹುಡುಗಿಯೊಬ್ಬಳ ಹಳೆಯ ಗುಂಡಿ ಮೊಬೈಲಿನಲ್ಲಿ ಒಂದು ಮಸುಕಾದ ಚಿತ್ರ ದೊರೆಯಿತು. ಮಗು ಅಂಗಳದಲ್ಲಿ ಕುಳಿತು ಅಳುತ್ತಿದೆ, ಮೂಗು ಸೋರಿದೆ, ಕಣ್ಣಿನ ಕೆಳಗೆ ಆ ಗುರುತಿದೆ. ರಾಯಚೂರಿನ ಒಬ್ಬ ಸ್ಟುಡಿಯೋದವರಲ್ಲಿಗೆ ಅದನ್ನು ಒಯ್ದರು. ಅವರು ವಾಡಿಕೆಯಂತೆ, “ತಂಗೀ, ಗಾಯದ ಕಲಿ ತೆಗಿಲೇನು?” ಎಂದು ಕೇಳಿದರಂತೆ. “ಅದೊಂದ ಬಿಡ್ರಿ ಅಣ್ಣಾರ, ಉಳಿದದ್ದು ಏನಾರ ಮಾಡ್ರಿ” ಎಂದಳಂತೆ ಆಕೆ. ಅವರು ಕತ್ತಲನ್ನು ತಿಳಿ ಮಾಡಿದರು, ಮಸುಕನ್ನು ಆದಷ್ಟು ಕಡಿಮೆ ಮಾಡಿದರು, ಗುರುತನ್ನು ಮುಟ್ಟಲಿಲ್ಲ. ಆ ಚಿತ್ರ ಇಂದು ಅವಳ ಮನೆಯ ಗೋಡೆಯ ಮೇಲಿದೆ. ಯಾವುದನ್ನು ತಿದ್ದಬೇಕು, ಯಾವುದನ್ನು ತಿದ್ದಬಾರದು ಎಂಬ ನಮ್ಮ ಪ್ರಶ್ನೆಗೆ ಅದಕ್ಕಿಂತ ಸ್ಪಷ್ಟವಾದ ಉತ್ತರವನ್ನು ನಾವು ಯಾವ ಗ್ರಂಥದಲ್ಲಿಯೂ ಕಂಡಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಬಸವ ಜಯಂತಿಯಂದು ಮಗುವಿಗೆ ಬಸವಣ್ಣನ ವೇಷ ಹಾಕಿ ಚಿತ್ರ ತೆಗೆಯುವುದಿಲ್ಲವೇ? ಹಬ್ಬಕ್ಕೆ ಅಲಂಕರಿಸುವುದಿಲ್ಲವೇ? ಅದೂ ಅಸತ್ಯವಲ್ಲವೇ? ಅಲ್ಲವೆಂದೇ ನಮ್ಮ ಅಭಿಪ್ರಾಯ. ವೇಷವೆಂದು ಎಲ್ಲರಿಗೂ ತಿಳಿದಿರುವ ವೇಷ ಯಾರನ್ನೂ ವಂಚಿಸದು. ಮಗುವೂ ಆ ಆಟದಲ್ಲಿ ಪಾಲುಗೊಂಡಿರುತ್ತದೆ. ಸಂಜೆ ವೇಷ ಕಳಚಿದಾಗ ತನ್ನ ಮುಖವನ್ನು ತಾನು ಮರಳಿ ಪಡೆಯುತ್ತದೆ. ಮುಖವನ್ನೇ ತಿದ್ದಿದ ಚಿತ್ರದಲ್ಲಿ ಮಗುವಿಗೆ ಪಾಲೂ ಇಲ್ಲ, ಮರಳಿ ಪಡೆಯುವ ಮುಖವೂ ಇಲ್ಲ. ಇನ್ನು ಕೆಲವರು, ನಾವು ಪ್ರೀತಿಯಿಂದಲೇ ತಿದ್ದುತ್ತೇವೆ ಎನ್ನಬಹುದು. ಅದು ನಿಜವೇ. ಆದರೆ ಆ ಕ್ಷಣದಲ್ಲಿ ನಮ್ಮ ಮನಸ್ಸಿನ ಮುಂದೆ ನಿಂತಿರುವವರು ಯಾರೆಂದು ತಮ್ಮನ್ನೇ ಕೇಳಿಕೊಳ್ಳಲಿ. ಮಗುವೋ, ಅಥವಾ ಚಿತ್ರವನ್ನು ನೋಡಲಿರುವ ನೆಂಟರಿಷ್ಟರೋ?

ಮಗುವಿಗೆ ತಂದೆತಾಯಿಗಳು ಒಡೆಯರಲ್ಲ. ದೇವಸ್ಥಾನದ ಆಸ್ತಿಗೆ ಧರ್ಮದರ್ಶಿಯಿರುವಂತೆ, ಮಗುವು ತನ್ನ ಮಾತನ್ನು ತಾನಾಡುವವರೆಗೆ ಅದರ ಹಿತವನ್ನು ಕಾಯುವವರು. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೭ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ೨೦೨೩ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಮಕ್ಕಳ ವಿಷಯದಲ್ಲಿ ಹೆತ್ತವರ ಒಪ್ಪಿಗೆಯನ್ನು ಬೇಡುತ್ತದೆ. ಆದರೆ ವ್ಯಕ್ತಿಯ ಸ್ವಂತ ಹಾಗೂ ಮನೆಯೊಳಗಿನ ಬಳಕೆಗೆ ಅದು ಅನ್ವಯಿಸದು. ಕಾನೂನು ಹೊಸ್ತಿಲಲ್ಲಿಯೇ ನಿಂತಿತು. ಅಲ್ಲಿಂದ ಒಳಗೆ ಕಾಯಬೇಕಾದುದು ಹೆತ್ತವರ ಧರ್ಮಬುದ್ಧಿ.

ಆದುದರಿಂದ ವಾಚಕರಲ್ಲಿ ನಮ್ಮ ಸೂಚನೆ ಇಷ್ಟೇ. ಮೊಬೈಲಿನಲ್ಲಿ ಸೌಂದರ್ಯ ಹೆಚ್ಚಿಸುವ ವ್ಯವಸ್ಥೆಯಿದ್ದರೆ ಅದನ್ನು ಹುಡುಕಿ ನಿಲ್ಲಿಸಿರಿ. ಮುಂಜಾನೆಯ ಮೆಲುಬೆಳಕಿನಲ್ಲಿ, ಬಾಗಿಲು ಕಿಟಕಿಗಳಿಗೆ ಮಗುವಿನ ಮುಖವಿರುವಂತೆ ಕೂಡಿಸಿ, ನೀವೂ ನೆಲಕ್ಕೆ ಕುಳಿತು, ಅದರ ಕಣ್ಣಿನ ಮಟ್ಟದಿಂದ ಚಿತ್ರ ತೆಗೆಯಿರಿ. ಆಗ ತಿದ್ದುವ ಅವಶ್ಯಕತೆಯೇ ಬಹುಮಟ್ಟಿಗೆ ಇರುವುದಿಲ್ಲ. ಎರೆಯುವಾಗಿನ ಬತ್ತಲೆ ಚಿತ್ರವನ್ನು ತೆಗೆಯದಿರುವುದೇ ಲೇಸು. ತಿದ್ದಲೇಬೇಕಾದಾಗ ಮೂಲ ಚಿತ್ರವನ್ನು ಅಳಿಸದೆ ಬೇರೆಯಾಗಿ ಇಡಿರಿ. ತಿದ್ದುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿರಿ: ನಾನು ಅಳಿಸಲಿರುವುದು ಯಂತ್ರದ ದೋಷವೋ, ಮಗುವಿನ ಗುರುತೋ?

ಹಿರಿಯರು ಮಕ್ಕಳನ್ನು ತಿದ್ದಬೇಕು. ಮರಳಿನ ಮೇಲೆ ಕೈಹಿಡಿದು ಅಕ್ಷರ ತಿದ್ದಿಸಬೇಕು, ನಡೆನುಡಿಗಳನ್ನು ತಿದ್ದಬೇಕು. ಅದು ಪುಣ್ಯಕಾರ್ಯ, ಅದಕ್ಕೆ ಬಹಳ ತಾಳ್ಮೆಯೂ ಬೇಕು. ಮುಖವನ್ನು ತಿದ್ದಲು ಒಂದು ಬೆರಳು ಸಾಕಾಗುತ್ತದೆಯೆಂದು ಆ ಸುಲಭಕ್ಕೆ ಮರುಳಾಗದಿರೋಣ. ಮಾನ್ವಿಯ ಆ ತರುಣ ಈಚೆಗೆ ಮಠಕ್ಕೆ ಬಂದಾಗ ಮಗುವಿನ ಹೊಸದೊಂದು ಚಿತ್ರವನ್ನು ತೋರಿಸಿದನು. ಬೊಟ್ಟು ಕೆನ್ನೆಯ ತುಂಬ ಹರಡಿತ್ತು. ಮಗು ತಾನೇ ಕೈಯಿಂದ ಅಳಿಸಿಕೊಂಡಿತ್ತು. ಹಾಗೆಯೇ ಇರಲೆಂದು ಬಿಟ್ಟಿರುವುದಾಗಿ ಅವನು ಹೇಳಿದನು. ನಾವು ಬಹಳ ಹೊತ್ತು ಅದನ್ನು ನೋಡಿದೆವು. ನಿಮ್ಮ ಮನೆಯ ಮಕ್ಕಳೂ ತಮ್ಮ ಮುಖದಿಂದಲೇ ಗುರುತಿಸಲ್ಪಟ್ಟು, ತಮ್ಮ ಮುಖವನ್ನೇ ಪ್ರೀತಿಸುತ್ತ ಬೆಳೆಯಲೆಂದು ಹಾರೈಸುತ್ತೇವೆ.