ಆಸಾಮಿ ಸಿಗಲಿಲ್ಲ

ಜೂನ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಓಣಿಯ ಹೆಣ್ಣುಮಗಳೊಬ್ಬಳ ಜೊತೆ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಿದ್ದೆ. ಎರಡನೇ ಕ್ಲಾಸಿನ ಮಗಳೂ ಬಂದಿದ್ದಳು. ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲ. ತಾಯಿಯ ಚೀಲದಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್. ಸ್ಕೇಲಿಟ್ಟು ಗೆರೆ ಎಳೆದು ಮೂರು ಕಾಲಂ ಮಾಡಿಕೊಂಡಿದ್ದಾಳೆ: ತಿಂಗಳು, ಬರಬೇಕಾದ್ದು, ಬಂದದ್ದು. ಮೂರನೆಯದರಲ್ಲಿ ಹನ್ನೊಂದು ತಿಂಗಳಿಂದ ಬರೀ ಅಡ್ಡಗೆರೆ.

ಜೀವನಾಂಶದ ಆದೇಶ ಅವಳ ಕೈಯಲ್ಲಿದೆ. ಬಾಕಿ ವಸೂಲಿಗೆ ವಾರಂಟೂ ಹೊರಟಿತ್ತು. ಕೇಸು ಕೂಗಿದಾಗ ಗೊತ್ತಾಯಿತು, ಅದು ಜಾರಿಯಾಗದೆ ವಾಪಸು ಬಂದಿದೆ. ಹಿಂಬದಿಯಲ್ಲಿ ಒಂದು ಸಾಲಿನ ಷರಾ: ಆಸಾಮಿ ಸ್ಥಳದಲ್ಲಿ ಸಿಕ್ಕಿರುವುದಿಲ್ಲ. ಅದೇ ಆಸಾಮಿ ಹಿಂದಿನ ಭಾನುವಾರ ನಮ್ಮೂರಲ್ಲೇ ಅಕ್ಕನ ಮೊಮ್ಮಗುವಿನ ನಾಮಕರಣದಲ್ಲಿ ಪಂಕ್ತಿಗೆ ಅನ್ನ ಬಡಿಸುತ್ತಿದ್ದ. ನೂರು ಜನ ಉಂಡೆದ್ದಿದ್ದೆವು. ನಾನೂ ಅವರಲ್ಲೊಬ್ಬ.

ಅಂದಿನಿಂದ ಆ ಷರಾ ನನ್ನನ್ನು ಬಿಟ್ಟಿಲ್ಲ.

ಕಾನೂನು ಬಡವಾಗಿದೆ ಎನ್ನುವಂತಿಲ್ಲ. ಹಿಂದೆ ಸಿಆರ್‌ಪಿಸಿ 125ನೇ ಕಲಂ ಇತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಸಕಾರಣವಿಲ್ಲದೆ ಕೊಡದಿದ್ದರೆ ದಂಡ ವಸೂಲಿ ಮಾಡುವ ಹಾಗೆಯೇ ವಾರಂಟ್ ಮೂಲಕ ವಸೂಲಿ ಮಾಡಬಹುದು. ಆಮೇಲೂ ಬಾಕಿ ಉಳಿದರೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿಬಂದರೆ ಸಾಲ ತೀರಿತು ಎಂದುಕೊಂಡವರಿದ್ದಾರೆ. ಇಲ್ಲ. ಆ ಶಿಕ್ಷೆ ದುಡ್ಡು ಕೊಡಿಸುವ ದಾರಿಯೇ ಹೊರತು ದುಡ್ಡಿಗೆ ಬದಲಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ.

ಆದರೆ ಒಂದು ಗಡುವಿದೆ, ಅದು ಎಷ್ಟೋ ತಾಯಂದಿರಿಗೆ ತಿಳಿದಿರುವುದಿಲ್ಲ. ಪ್ರತಿ ತಿಂಗಳ ಬಾಕಿಗೂ ಅದು ಕೊಡಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಇಲ್ಲದಿದ್ದರೆ ಈ ಕಲಮಿನಡಿ ಆ ಬಾಕಿಗೆ ವಾರಂಟ್ ಹೊರಡಿಸುವಂತಿಲ್ಲ. ಇವತ್ತಲ್ಲ ನಾಳೆ ಕೊಟ್ಟಾನು, ಕೋರ್ಟಿಗೆ ಅಲೆದರೆ ಇನ್ನಷ್ಟು ಸಿಟ್ಟಾದಾನು ಎಂದು ಕಾಯುವವರು ಕಾಯುತ್ತಲೇ ಗಡುವು ದಾಟಿಬಿಡುತ್ತಾರೆ. ವಕೀಲರ ಫೀಸಿಗೆ ಹೆದರುವುದೂ ಬೇಡ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ನಿಜವಾಗಿಯೂ ಕೆಲಸ ಹೋಗಿ ಕೈಬರಿದಾದ ಅಪ್ಪಂದಿರೂ ಇದ್ದಾರೆ. ಅವರಿಗೆ ಕಾನೂನು ಬಾಗಿಲು ಮುಚ್ಚಿಲ್ಲ. ಪರಿಸ್ಥಿತಿ ಬದಲಾಗಿದೆ, ಮೊತ್ತ ಇಳಿಸಿ ಎಂದು 146ನೇ ಕಲಮಿನಡಿ ಅರ್ಜಿ ಹಾಕಬಹುದು. ತಲೆಮರೆಸಿಕೊಂಡರೆ ಮಾತ್ರ ಬಾಕಿ ಬೆಳೆಯುತ್ತದೆ, ಜೊತೆಗೆ ಮಗುವಿಗೆ ಮುಖ ತೋರಿಸುವ ಧೈರ್ಯವೂ ಹೋಗುತ್ತದೆ.

ಸಂಬಳ ಬರುವವನಾದರೆ ಅವನನ್ನು ಹುಡುಕುವುದಕ್ಕಿಂತ ಸಂಬಳವನ್ನು ಹಿಡಿಯುವುದು ಮೇಲು. ಜೀವನಾಂಶದ ಆದೇಶವನ್ನು ಸಿವಿಲ್ ಡಿಕ್ರಿಯಂತೆಯೇ ಅಮಲ್ಜಾರಿ ಮಾಡಿಸಬಹುದು ಎಂದು 2020ರ ರಜನೇಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಜೀವನಾಂಶದ ಡಿಕ್ರಿಯಾದರೆ ಸಂಬಳದ ಮೂರನೇ ಒಂದು ಪಾಲಿಗೆ ಮಾತ್ರ ಜಪ್ತಿಯಿಂದ ರಕ್ಷಣೆ. ದುಡ್ಡು ಕಂಪನಿಯಿಂದಲೇ ಕಡಿತವಾಗಿ ಬಂದರೆ ಷರಾ ಬರೆಯುವ ಪ್ರಮೇಯವೇ ಇರುವುದಿಲ್ಲ.

ಅವಳ ವಕೀಲರು ಈಗ ಅದೇ ಅರ್ಜಿ ತಯಾರಿಸುತ್ತಿದ್ದಾರೆ. ಅವನು ಪ್ರಮಾಣಪತ್ರದಲ್ಲಿ ತೋರಿಸಿದ್ದ ಕೆಲಸ ಬಿಟ್ಟು ಬೇರೆ ಕಾರ್ಖಾನೆ ಸೇರಿದ್ದಾನೆ; ಅದರ ಹೆಸರು, ವಿಳಾಸ ಬೇಕು. ಅದು ಗೊತ್ತಿರುವವರು ನಮ್ಮ ಓಣಿಯಲ್ಲೇ ನಾಲ್ಕು ಮನೆಯವರಿದ್ದಾರೆ. ಕೇಳಿದರೆ, "ಗಂಡ-ಹೆಂಡಿರ ಜಗಳದಲ್ಲಿ ನಾವ್ಯಾಕೆ ಕೆಟ್ಟವರಾಗೋದು ಬಿಡಮ್ಮ" ಅಂದುಬಿಟ್ಟರಂತೆ. ಅವಳು ಕೇಳುತ್ತಿರುವುದು ಜಗಳದ ತೀರ್ಪನ್ನಲ್ಲ. ಮಗಳ ಸ್ಕೂಲ್ ಫೀಸು ಕಟ್ಟಿಲ್ಲ, ಹೋದ ವರ್ಷದ ಯೂನಿಫಾರ್ಮು ಮೊಣಕಾಲಿನ ಮೇಲೆ ಬಂದಿದೆ.

ಈ ಭಾನುವಾರ ಆ ನಾಲ್ಕೂ ಮನೆಗಳಿಗೆ ನಾನೇ ಹೋಗುತ್ತೇನೆ.